ಆಳ್ವಿಕೆಯ ಲೆಕ್ಕ: ಇಸ್ರಾಯೇಲ್ ಮತ್ತು ಯೆಹೂದದ ಅರಸರ ಕಾಲಗಣನೆ



ಇಂದು ನಾನು ನಿಮ್ಮ ಮುಂದಿಡಬೇಕೆಂದಿರುವುದು ಕೆಲವು ಅಂಕೆಗಳನ್ನು. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ‘ಅರಸುಗಳು’ ಎಂಬ ಎರಡು ಗ್ರಂಥಗಳಿವೆ. ಸೊಲೊಮೋನನ ತರುವಾಯ ರಾಜ್ಯ ಇಬ್ಭಾಗವಾಗಿ, ಉತ್ತರದಲ್ಲಿ ಇಸ್ರಾಯೇಲ್, ದಕ್ಷಿಣದಲ್ಲಿ ಯೆಹೂದ ಎಂದು ಎರಡು ಸಿಂಹಾಸನಗಳಾದ ಮೇಲೆ ಆ ಗ್ರಂಥಕರ್ತರು ಒಂದು ಕ್ರಮವನ್ನು ಹಿಡಿಯುತ್ತಾರೆ. ಇಂಥ ಅರಸ ನೆರೆರಾಜ್ಯದ ಇಂಥ ಅರಸನ ಇಷ್ಟನೆಯ ವರ್ಷದಲ್ಲಿ ಪಟ್ಟಕ್ಕೆ ಬಂದ. ಇಷ್ಟು ವರ್ಷ ಆಳಿದ. ಹೆಚ್ಚುಕಡಿಮೆ ಪ್ರತಿಯೊಬ್ಬ ಅರಸನಿಗೂ ಈ ಎರಡು ಅಂಕೆಗಳಿವೆ. ಭಕ್ತಿಯಿಂದ ಓದುವವರು ಇವನ್ನು ಬೇಗ ದಾಟಿ ಎಲೀಯನ ಕಥೆಗೋ ಎಲೀಷನ ಕಥೆಗೋ ಹೋಗಿಬಿಡುತ್ತಾರೆ. ಕೂಡಿಸಿ ನೋಡಿದವರು ಮಾತ್ರ ಎರಡು ಸಾವಿರ ವರ್ಷಗಳಿಂದ ತಲೆಕೆಡಿಸಿಕೊಂಡಿದ್ದಾರೆ.

ನಾವೂ ಕೂಡಿಸಿ ನೋಡೋಣ. ಉತ್ತರದ ಮೊದಲ ಅರಸ ಯಾರೊಬ್ಬಾಮ, ದಕ್ಷಿಣದ ರೆಹಬ್ಬಾಮ. ಇಬ್ಬರೂ ಒಂದೇ ಕಾಲಕ್ಕೆ ಆಳತೊಡಗಿದರು. ಮುಂದೆ ಯೇಹು ಎಂಬ ದಳಪತಿ ದಂಗೆಯೆದ್ದು ಉತ್ತರದ ಯೋರಾಮನನ್ನೂ, ಅವನನ್ನು ನೋಡಲು ಬಂದಿದ್ದ ದಕ್ಷಿಣದ ಅಹಜ್ಯನನ್ನೂ ಒಂದೇ ದಂಗೆಯಲ್ಲಿ ಕೊಲ್ಲಿಸಿದ. ಆದಿ ಒಂದು, ಅಂತ್ಯ ಒಂದು. ನಡುವಿನ ಕಾಲ ಎರಡು ಕಡೆಯೂ ಸಮನಾಗಿರಲೇಬೇಕು. ದಕ್ಷಿಣದ ಲೆಕ್ಕ ಹೀಗಿದೆ: ರೆಹಬ್ಬಾಮ 17, ಅಬೀಯಾಮ 3, ಆಸ 41, ಯೆಹೋಷಾಫಾಟ 25, ಯೆಹೋರಾಮ 8, ಅಹಜ್ಯ 1. ಒಟ್ಟು 95 ವರ್ಷ. ಉತ್ತರದಲ್ಲಿ ಯಾರೊಬ್ಬಾಮ 22, ನಾದಾಬ 2, ಬಾಷ 24, ಏಲ 2, ಏಳೇ ದಿನ ಆಳಿದ ಜಿಮ್ರಿ, ಒಮ್ರಿ 12, ಅಹಾಬ 22, ಅಹಜ್ಯ 2, ಯೋರಾಮ 12. ಒಟ್ಟು 98.

ಮೂರು ವರ್ಷ ಹೆಚ್ಚುಕಡಿಮೆಯಾದರೆ ಏನಾಯಿತು ಎಂದು ಕೇಳಬಹುದು. ಶಾಸನಗಳ ಜೊತೆ ಕೆಲಸ ಮಾಡುವವರು ಹಾಗೆ ಕೇಳುವುದಿಲ್ಲ. ಒಂದೇ ವರ್ಷದ ವ್ಯತ್ಯಾಸದಲ್ಲಿ ಒಂದು ದಾನಪತ್ರ ಕೂಟಶಾಸನವೆನಿಸಬಹುದು. ಅಂಕೆ ತಪ್ಪಿದ್ದರೆ ಏಕೆ ತಪ್ಪಿತು, ಸರಿಯಿದ್ದರೆ ಯಾವ ಲೆಕ್ಕದಲ್ಲಿ ಸರಿ ಎಂಬುದು ತಿಳಿಯುವವರೆಗೆ ಆ ಅಂಕೆಯ ಪಕ್ಕದಲ್ಲಿರುವ ಮಾತನ್ನು ಇತಿಹಾಸವೆಂದು ಬಳಸಲು ಬರುವುದಿಲ್ಲ.

ನನ್ನ ವಾದ ಇಷ್ಟು. ಪುರಾತನ ಅಂಕೆಯೊಂದನ್ನು ತಪ್ಪೆನ್ನುವ ಮೊದಲು, ಅದನ್ನು ಬರೆದವನು ಎಲ್ಲಿಂದ ಎಣಿಸಿದ ಎಂದು ಕೇಳಬೇಕು. ಹಾಗೆಯೇ ಅದನ್ನು ಸರಿಯೆಂದು ತೋರಿಸುವ ಪ್ರತಿಯೊಂದು ಪರಿಹಾರವನ್ನೂ, ನಿನಗೆ ಬೇರೆಯ ಸಾಕ್ಷಿ ಇದೆಯೇ ಎಂದು ಕೇಳಬೇಕು. ಮೊದಲನೆಯ ಪ್ರಶ್ನೆಯನ್ನು ಗ್ರಂಥವನ್ನು ಒಪ್ಪದವರು ಮರೆಯುತ್ತಾರೆ, ಎರಡನೆಯದನ್ನು ಅದನ್ನು ಪ್ರೀತಿಸುವವರು ಮರೆಯುತ್ತಾರೆ. ನಾನು ಪ್ರೀತಿಸುವವರ ಕಡೆಯವನು; ಆದ್ದರಿಂದ ಎರಡನೆಯ ಪ್ರಶ್ನೆಯ ಭಾರ ನನ್ನ ಮೇಲೆ ಹೆಚ್ಚಾಗಿದೆ.

ಈ ಕೆಲಸ ಹೊಸದಲ್ಲ. ಕ್ರಿ.ಶ. 2ನೆಯ ಶತಮಾನದ ರಬ್ಬಿ ಯೋಸೆಯ ಹೆಸರಿನಲ್ಲಿ ಬಂದಿರುವ ‘ಸೆದೆರ್ ಓಲಾಂ’ ಎಂಬ ಯೆಹೂದ್ಯ ಗ್ರಂಥ ಇಡೀ ಕಾಲಗಣನೆಯನ್ನು ಒಂದು ಸಾಲಿಗೆ ತರಲು ಯತ್ನಿಸಿತು. 17ನೆಯ ಶತಮಾನದಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಪ್ರಕಟಿಸಿದ ತನ್ನ ವೃತ್ತಾಂತದಲ್ಲಿ ಸೃಷ್ಟಿಯನ್ನು ಕ್ರಿ.ಪೂ. 4004ಕ್ಕೆ ಇರಿಸಿದ. ಈಗ ಆತನನ್ನು ಆ ಒಂದು ವರ್ಷಕ್ಕಾಗಿ ಮಾತ್ರ ನೆನೆಯುತ್ತಾರೆ, ಅದೂ ನಗುತ್ತ. ಅರಸರ ಕಾಲದ ಮೇಲೆ ಆತ ಪಟ್ಟ ಶ್ರಮ ನಗುವಂಥದ್ದಲ್ಲ. ಆದರೆ ಆತನ ಕೈಯಲ್ಲಿ ಅಶ್ಶೂರದ ಒಂದು ಜೇಡಿಮಣ್ಣಿನ ಹಲಗೆಯೂ ಇರಲಿಲ್ಲ. 19ನೆಯ ಶತಮಾನದ ಜರ್ಮನ್ ವಿಮರ್ಶಕರು, ಅವರಲ್ಲೂ ಯೂಲಿಯಸ್ ವೆಲ್‌ಹೌಸೆನ್, ಈ ಅಂಕೆಗಳಲ್ಲಿ ಬಹುಪಾಲು ತರುವಾಯದ ಸಂಪಾದಕರು ಒಂದು ಮಾದರಿಗೆ ಹೊಂದಿಸಿ ಹಾಕಿದವು ಎಂದು ಬಗೆದರು. ದೀರ್ಘಕಾಲ ವಿದ್ವಾಂಸರಲ್ಲಿ ಆ ಅಭಿಪ್ರಾಯದ್ದೇ ಮೇಲುಗೈ.

ಈಗ ಎಣಿಕೆಯ ರೀತಿಗೆ ಬರೋಣ. ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ನಮ್ಮ ಮನೆಮಾತಿನಲ್ಲೇ ಎರಡು ಲೆಕ್ಕಗಳಿವೆ. ಮಗುವಿಗೆ ಐದು ತುಂಬಿತು ಎನ್ನುತ್ತೇವೆ. ಅದೇ ಮಗು ಆರಕ್ಕೆ ಬಿದ್ದಿದೆ ಎಂದೂ ಎನ್ನುತ್ತೇವೆ. ಎರಡೂ ನಿಜ. ನಮ್ಮ ಶಾಸನಗಳಲ್ಲಿ ಇದೇ ಭೇದ ಗತ ವರ್ಷ, ವರ್ತಮಾನ ವರ್ಷ ಎಂದು ಬರುತ್ತದೆ. ಐಹೊಳೆಯಲ್ಲಿ ರವಿಕೀರ್ತಿ ಕೆತ್ತಿಸಿದ ಪ್ರಶಸ್ತಿಯಲ್ಲಿ ಶಕವರ್ಷ 556 ಕಳೆದಿತ್ತು ಎಂದಿರುವುದರಿಂದ ನಾವು ಅದನ್ನು ಕ್ರಿ.ಶ. 634–35 ಎನ್ನುತ್ತೇವೆ. ನಡೆಯುತ್ತಿರುವ ವರ್ಷವೆಂದು ತಿಳಿದರೆ ಕಾಲ ಒಂದು ವರ್ಷ ಹಿಂದಕ್ಕೆ ಸರಿಯುತ್ತದೆ. ಫ್ಲೀಟ್, ಕೀಲ್‌ಹಾರ್ನ್ ಮೊದಲಾದವರು ನಮ್ಮ ಶಾಸನಗಳ ತಿಥಿವಾರಗಳನ್ನು ಪರೀಕ್ಷಿಸುವಾಗ ಎದುರಿಸಿದ ತೊಡಕುಗಳಲ್ಲಿ ಇದು ದೊಡ್ಡದು. 1896ರಲ್ಲಿ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ಭಾರತೀಯ ಪಂಚಾಂಗದ ಮೇಲೆ ಪ್ರಕಟಿಸಿದ ಗ್ರಂಥವೂ ಇಂಥ ತೊಡಕುಗಳನ್ನು ಬಿಡಿಸಲಿಕ್ಕಾಗಿಯೇ ಹುಟ್ಟಿತು. ಒಂದು ವರ್ಷ ಹೊಂದದ ಶಾಸನವನ್ನು ಅವರು ಕೂಡಲೇ ಸುಳ್ಳೆನ್ನಲಿಲ್ಲ. ಬೇರೆ ಲೆಕ್ಕದಲ್ಲಿ ಹೊಂದುತ್ತದೆಯೇ ಎಂದು ಮೊದಲು ನೋಡಿದರು. ಬೈಬಲ್ಲಿನ ಅರಸರಿಗೂ ಅಷ್ಟೇ ನ್ಯಾಯ ಸಲ್ಲಬೇಕೆಂದು ನಾನು ಕೇಳುವುದು.

ಅರಸ ವರ್ಷದ ನಡುವೆ ಸಾಯುತ್ತಾನೆ, ಮಗ ಅಂದೇ ಪಟ್ಟಕ್ಕೆ ಬರುತ್ತಾನೆ. ಆ ವರ್ಷದಲ್ಲಿ ಉಳಿದ ತಿಂಗಳುಗಳನ್ನು ಯಾರ ಖಾತೆಗೆ ಬರೆಯಬೇಕು? ಪುರಾತನ ಪಶ್ಚಿಮ ಏಷ್ಯಾದಲ್ಲಿ ಇದಕ್ಕೆ ಎರಡು ಉತ್ತರಗಳಿದ್ದವು. ಬಾಬೆಲಿನಲ್ಲಿ ಆ ಉಳಿಕೆಯನ್ನು ಪಟ್ಟಕ್ಕೆ ಬಂದ ವರ್ಷವೆಂದು ಬೇರೆ ಹೆಸರಿಟ್ಟು ಬದಿಗಿಡುತ್ತಿದ್ದರು. ಮುಂದಿನ ಹೊಸ ವರ್ಷದಿಂದ ಒಂದನೆಯ ವರ್ಷ. ಐಗುಪ್ತದಲ್ಲಿ ರೂಢಿಯಾಗಿದ್ದ ಇನ್ನೊಂದು ಲೆಕ್ಕದಲ್ಲಿ ಆ ಉಳಿಕೆಯೇ ಹೊಸ ಅರಸನ ಒಂದನೆಯ ವರ್ಷ, ಅದು ಹತ್ತೇ ದಿನವಾದರೂ ಸರಿ. ಹೊಸ ವರ್ಷ ಬಂದ ಕೂಡಲೇ ಅವನ ಎರಡನೆಯ ವರ್ಷ ಹಿಡಿಯುತ್ತದೆ. ಎರಡನೆಯ ರೀತಿಯಲ್ಲಿ ಒಂದೇ ವರ್ಷ ಸತ್ತವನ ಲೆಕ್ಕಕ್ಕೂ ಬದುಕಿರುವವನ ಲೆಕ್ಕಕ್ಕೂ ಬರುವುದರಿಂದ, ಕೂಡಿಸಿದಾಗ ಅರಸನೊಬ್ಬನಿಗೆ ಒಂದರಂತೆ ಹೆಚ್ಚುವರಿ ವರ್ಷ ಸೇರುತ್ತದೆ. ಇದು ಆಧುನಿಕರ ಊಹೆಯಲ್ಲ. ಅರಸರ ಹೊಸ ವರ್ಷ ಯಾವುದು, ಕೊನೆಯ ತಿಂಗಳಲ್ಲಿ ಪಟ್ಟವೇರಿದವನಿಗೆ ವರ್ಷವನ್ನು ಹೇಗೆ ಎಣಿಸಬೇಕು ಎಂಬ ಚರ್ಚೆ ಯೆಹೂದ್ಯರ ತಾಲ್ಮುದಿನಲ್ಲೇ ಇದೆ.

ಉತ್ತರದವರು ಈ ಎರಡನೆಯ ಲೆಕ್ಕವನ್ನೇ ಅನುಸರಿಸಿದರೆಂದು ತಿಳಿಯಲು ಗ್ರಂಥದ ಹೊರಗೆ ಹೋಗಬೇಕಾಗಿಲ್ಲ. ನಾದಾಬ ಆಸನ 2ನೆಯ ವರ್ಷದಲ್ಲಿ ಬಂದು ಎರಡು ವರ್ಷ ಆಳಿದ ಎನ್ನುತ್ತದೆ. ಅವನನ್ನು ಕೊಂದ ಬಾಷ ಪಟ್ಟಕ್ಕೆ ಬಂದದ್ದು ಆಸನ 3ನೆಯ ವರ್ಷದಲ್ಲಿ. ಎರಡರಿಂದ ಮೂರಕ್ಕೆ ಒಂದೇ ವರ್ಷ. ಬಾಷ 24 ವರ್ಷ ಆಳಿದ. ಅವನ ಮಗ ಏಲ ಬಂದದ್ದು ಆಸನ 26ನೆಯ ವರ್ಷದಲ್ಲಿ. ಮೂರರಿಂದ ಇಪ್ಪತ್ತಾರಕ್ಕೆ 23. ಏಲನಿಗೆ ಎರಡು ವರ್ಷ. ಅವನನ್ನು ಮುಗಿಸಿದ ಜಿಮ್ರಿ ಆಸನ 27ನೆಯ ವರ್ಷದವನು. ಮತ್ತೆ ಒಂದು ಕಡಿಮೆ. ಮುಂದೆ ಉತ್ತರದ ಅಹಜ್ಯ ಯೆಹೋಷಾಫಾಟನ 17ನೆಯ ವರ್ಷದಲ್ಲಿ ಬಂದು ಎರಡು ವರ್ಷ ಆಳಿದ. ಯೋರಾಮ 18ನೆಯ ವರ್ಷದಲ್ಲಿ ಬಂದ. ತಪ್ಪು ಮಾಡುವ ಲಿಪಿಕಾರ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಮಾಡುತ್ತಾನೆ. ಇಲ್ಲಿ ನಾಲ್ಕು ಬಾರಿಯೂ ಒಂದೇ ದಿಕ್ಕಿನಲ್ಲಿ, ಒಂದೇ ಅಳತೆಯ ವ್ಯತ್ಯಾಸ. ಅಂಥದ್ದರ ಹಿಂದೆ ಒಂದು ಪದ್ಧತಿ ಇದ್ದೇ ಇರುತ್ತದೆ. ಜಿಮ್ರಿಯನ್ನು ಬಿಟ್ಟು ಉತ್ತರದ ಎಂಟು ಅರಸರಿಗೆ ಒಂದೊಂದು ವರ್ಷ ಕಳೆದರೆ 98 ಎಂಬುದು 90 ಆಗುತ್ತದೆ.

ಈ ಸುಳಿವುಗಳನ್ನು ಒಟ್ಟುಮಾಡಿ ಇಡೀ ಸರಣಿಗೆ ಅನ್ವಯಿಸಿದವರು ಎಡ್ವಿನ್ ಥೀಲೆ. ಚೀನಾದಲ್ಲಿ ಮಿಷನರಿಯಾಗಿದ್ದು, ನಂತರ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ಅವರು 1951ರಲ್ಲಿ ಪ್ರಕಟಿಸಿದ ಹೀಬ್ರೂ ಅರಸರ ನಿಗೂಢ ಸಂಖ್ಯೆಗಳ ಕುರಿತ ಗ್ರಂಥ ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ್ದಲ್ಲದಿದ್ದರೂ ಯಾರೂ ತಪ್ಪಿಸಿಕೊಂಡು ಹೋಗಲಾಗದ ಗ್ರಂಥ. ಅವರಿಗಿಂತ ಮೊದಲೇ ಬೆಲ್ಜಿಯಂನ ವಿದ್ವಾಂಸ ಕೂಕ್ ಇದೇ ಬಗೆಯ ತತ್ತ್ವಗಳನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರು. ಪರಸ್ಪರ ಅರಿಯದ ಇಬ್ಬರು ಒಂದೇ ಕಡೆ ತಲುಪಿದ್ದು ನನಗೆ ದೊಡ್ಡ ಭರವಸೆಯಾಗಿ ಕಾಣುತ್ತದೆ.

ವರ್ಷ ಯಾವಾಗ ಹುಟ್ಟುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಇದನ್ನೂ ನಾವು ಬಲ್ಲೆವು. ನಮಗೆ ಚೈತ್ರದ ಯುಗಾದಿ. ಗುಜರಾತಿನವರಿಗೆ ದೀಪಾವಳಿಯ ಮರುದಿನ ಕಾರ್ತಿಕದ ಹೊಸ ವರ್ಷ. ಯೆಹೂದ್ಯರಿಗೂ ವಸಂತದ ನೀಸಾನ್, ಶರತ್ತಿನ ತಿಷ್ರಿ ಎಂದು ಎರಡು ಆರಂಭಗಳಿದ್ದವು. ಉತ್ತರದವರು ನೀಸಾನಿನಿಂದ, ದಕ್ಷಿಣದವರು ತಿಷ್ರಿಯಿಂದ ಅರಸನ ವರ್ಷವನ್ನು ಎಣಿಸಿದರೆಂಬುದು ಥೀಲೆಯವರ ನಿಲುವು. ನೆಹೆಮೀಯನ ಗ್ರಂಥದಲ್ಲಿ ಇಪ್ಪತ್ತನೆಯ ವರ್ಷದ ಕಿಸ್ಲೇವ್ ಮೊದಲು ಬಂದು, ಅದೇ ಇಪ್ಪತ್ತನೆಯ ವರ್ಷದ ನೀಸಾನ್ ಆಮೇಲೆ ಬರುತ್ತದೆ. ಕಿಸ್ಲೇವ್ ಚಳಿಗಾಲದ ತಿಂಗಳು. ವರ್ಷ ವಸಂತದಲ್ಲಿ ಹುಟ್ಟುವುದಾದರೆ ಈ ಕ್ರಮ ಸಾಧ್ಯವಿಲ್ಲ, ಶರತ್ತಿನಲ್ಲಿ ಹುಟ್ಟುವುದಾದರೆ ಸಹಜ. ಇದು ಅರಸರ ಕಾಲಕ್ಕಿಂತ ತಡವಾದ ಸಾಕ್ಷಿ ಎಂಬುದನ್ನು ಮಾತ್ರ ಮರೆಯಬಾರದು.

ದಕ್ಷಿಣದ 95ರ ಗತಿಯೇನು? ಯೆಹೂದದವರು ಮೊದಲು ಬಾಬೆಲಿನ ರೀತಿಯಲ್ಲಿ ಎಣಿಸುತ್ತಿದ್ದರು. ರೆಹಬ್ಬಾಮ ಹದಿನೇಳು ವರ್ಷ ಆಳಿದ ಮೇಲೆ ಅವನ ಮಗ ಉತ್ತರದ ಲೆಕ್ಕದ ಹದಿನೆಂಟನೆಯ ವರ್ಷದಲ್ಲಿ ಬಂದ ಎಂಬ ಮಾತು ಇದಕ್ಕೆ ಸರಿಹೋಗುತ್ತದೆ. ಆದರೆ ಯೆಹೋರಾಮನ ಕಾಲಕ್ಕೆ ಲೆಕ್ಕ ಬದಲಾಗುತ್ತದೆ. ಅವನು ಯೋರಾಮನ 5ನೆಯ ವರ್ಷದಲ್ಲಿ ಬಂದು ಎಂಟು ವರ್ಷ ಆಳಿದ; ಮಗ ಅಹಜ್ಯ 12ನೆಯ ವರ್ಷದಲ್ಲಿ ಬಂದ. ಐದರಿಂದ ಹನ್ನೆರಡಕ್ಕೆ ಏಳು, ಉತ್ತರದವರ ಲೆಕ್ಕದ ಹಾಗೆಯೇ. ಬದಲಾವಣೆಗೆ ಕಾರಣವೂ ಪಕ್ಕದಲ್ಲೇ ಇದೆ: ಅವನ ಹೆಂಡತಿ ಅತಲ್ಯ ಅಹಾಬನ ಮನೆಯವಳು, ಅವನು ಅಹಾಬನ ಮನೆತನದ ದಾರಿಯಲ್ಲೇ ನಡೆದನೆಂದು ಗ್ರಂಥ ಹೇಳುತ್ತದೆ. ಅರಮನೆಗೆ ಹೊಸ ಸಂಬಂಧ ಬಂದಾಗ ಅದರ ಜೊತೆ ಬರವಣಿಗೆಯ ಪದ್ಧತಿಯೂ ಬರುವುದು ಅಸಹಜವೇನಲ್ಲ.

ಬೈಬಲ್ಲಿನ ವಿರೋಧಗಳ ಪಟ್ಟಿ ಮಾಡುವವರು ತಪ್ಪದೆ ತೋರಿಸುವ ಒಂದು ಜೋಡಿ ಇಲ್ಲೇ ಸಿಗುತ್ತದೆ. ಎರಡನೆಯ ಅರಸುಗಳ ಎಂಟನೆಯ ಅಧ್ಯಾಯದಲ್ಲಿ ಅಹಜ್ಯ ಯೋರಾಮನ 12ನೆಯ ವರ್ಷದಲ್ಲಿ ಬಂದನೆಂದಿದೆ. ಒಂಬತ್ತನೆಯ ಅಧ್ಯಾಯದಲ್ಲಿ 11ನೆಯ ವರ್ಷದಲ್ಲಿ ಎಂದಿದೆ. ಒಂದೇ ಪುಸ್ತಕ, ಒಬ್ಬನೇ ಅರಸ, ಎರಡು ಅಂಕೆ. ಎರಡು ಲೆಕ್ಕಗಳೂ ಬಳಕೆಯಲ್ಲಿದ್ದ ನಾಡಿನಲ್ಲಿ ಎರಡು ಆಕರಗಳಿಂದ ಬರೆದುಕೊಂಡವನಿಗೆ ಇಂಥದ್ದೇ ಸಿಗಬೇಕು. ಹಳೆಯ ರೀತಿಯಲ್ಲಿ ಹನ್ನೊಂದಾದದ್ದು ಹೊಸ ರೀತಿಯಲ್ಲಿ ಹನ್ನೆರಡು. ಅವುಗಳನ್ನು ಒಂದುಮಾಡಿ ಬಿಡುವುದು ಸಂಕಲನಕಾರನಿಗೆ ಬಹಳ ಸುಲಭವಾಗಿತ್ತು. ಅವನು ಮಾಡಲಿಲ್ಲ. ತನಗೆ ದೊರೆತದ್ದನ್ನು ದೊರೆತ ಹಾಗೆ ಇಟ್ಟುಹೋದ ಆ ಹೆಸರಿಲ್ಲದ ಬರಹಗಾರನ ಮೇಲೆ ನನಗೆ ಬಹಳ ಗೌರವವಿದೆ.

ಆದ್ದರಿಂದ ಯೆಹೋರಾಮ, ಅಹಜ್ಯ ಇಬ್ಬರಿಗೆ ಒಂದೊಂದು ಕಳೆದರೆ 95 ಇಳಿದು 93. ಇನ್ನೂ ಮೂರು ಹೆಚ್ಚು. ಇಲ್ಲಿ ಜೊತೆಯಾಳ್ವಿಕೆಯ ಪ್ರಶ್ನೆ ಏಳುತ್ತದೆ. ತಂದೆ ಬದುಕಿರುವಾಗಲೇ ಮಗ ರಾಜ್ಯಭಾರದಲ್ಲಿ ಕೈಜೋಡಿಸುವುದು ನಮಗೆ ಗೊತ್ತಿರುವ ಸಂಗತಿ. ಹೊಯ್ಸಳ ವಿನಯಾದಿತ್ಯನ ಕಾಲದಲ್ಲಿ ಎರೆಯಂಗ ಯುವರಾಜನಾಗಿ ಬಹುಕಾಲ ಇದ್ದ. ಆದರೆ ಗೊತ್ತಿರುವ ಸಂಗತಿ ಎಂದ ಮಾತ್ರಕ್ಕೆ ಬೇಕಾದಲ್ಲೆಲ್ಲ ಅದನ್ನು ತುರುಕಲು ಬರುವುದಿಲ್ಲ. ಆಸನ ವಿಷಯದಲ್ಲಿ ಸಾಕ್ಷಿ ಇದೆ. ಅವನಿಗೆ 39ನೆಯ ವರ್ಷದಲ್ಲಿ ಕಾಲಿನ ರೋಗ ಹತ್ತಿತು, ಅದು ಬಹಳ ತೀವ್ರವಾಗಿತ್ತು, 41ನೆಯ ವರ್ಷದಲ್ಲಿ ಅವನು ತೀರಿಕೊಂಡ ಎಂದು ಬೈಬಲ್ಲಿನ ಇನ್ನೊಂದು ಗ್ರಂಥವಾದ ಪೂರ್ವಕಾಲವೃತ್ತಾಂತ ಹೇಳುತ್ತದೆ. 39, 40, 41: ಮೂರು ವರ್ಷ. ಎದ್ದು ನಡೆಯಲಾರದ ಅರಸನ ಪರವಾಗಿ ಯೆಹೋಷಾಫಾಟ ಆಳತೊಡಗಿ, ಆ ವರ್ಷಗಳನ್ನು ತನ್ನ 25ರಲ್ಲಿ ಸೇರಿಸಿ ಎಣಿಸಿಕೊಂಡಿದ್ದರೆ ನಮಗೆ ಕಳೆಯಬೇಕಾದ ಮೂರು ಅಲ್ಲೇ ಇವೆ. ದಕ್ಷಿಣವೂ 90ಕ್ಕೆ ನಿಲ್ಲುತ್ತದೆ. ರೋಗದ ವಿಷಯ ಬರೆದವನಿಗೆ ಕಾಲಗಣನೆಯ ಸಮಸ್ಯೆ ಬಿಡಿಸುವ ಉದ್ದೇಶವಿರಲಿಲ್ಲ. ವೈದ್ಯರನ್ನು ನೆಚ್ಚಿದ, ದೇವರನ್ನು ಹುಡುಕಲಿಲ್ಲ ಎಂದು ಆಸನನ್ನು ಆಕ್ಷೇಪಿಸುವುದಕ್ಕಾಗಿ ಅವನು ಅದನ್ನು ಬರೆದ. ಬೇರೆ ಉದ್ದೇಶಕ್ಕಾಗಿ ಬರೆದ ಮಾತು ನಮ್ಮ ಲೆಕ್ಕಕ್ಕೆ ನೆರವಾದಾಗ ಅದರ ಬೆಲೆ ಹೆಚ್ಚು.

ಒಮ್ರಿಯದೂ ಇಂಥದ್ದೇ. ಆಸನ 31ನೆಯ ವರ್ಷದಲ್ಲಿ ಆಳತೊಡಗಿ ಹನ್ನೆರಡು ವರ್ಷ ಆಳಿದ ಎಂದಿದೆ; ಮಗ ಅಹಾಬ ಬಂದದ್ದು 38ನೆಯ ವರ್ಷದಲ್ಲಿ. ಏಳು ವರ್ಷದೊಳಗೆ ಹನ್ನೆರಡು ಹಿಡಿಸುವುದಿಲ್ಲ. ಆದರೆ ಮೇಲಿನ ವಚನಗಳನ್ನೇ ಓದಿದರೆ, ಜಿಮ್ರಿ ಸತ್ತ 27ನೆಯ ವರ್ಷದಲ್ಲಿ ಜನ ಎರಡು ಪಂಗಡವಾಗಿ ಅರ್ಧ ತಿಬ್ನಿಯ ಕಡೆ, ಅರ್ಧ ಒಮ್ರಿಯ ಕಡೆ ನಿಂತರೆಂದು ತಿಳಿಯುತ್ತದೆ. 27ರಿಂದ 38ರವರೆಗೆ ಎರಡು ತುದಿಗಳನ್ನೂ ಸೇರಿಸಿ ಎಣಿಸಿದರೆ ಹನ್ನೆರಡು. 31 ಎಂಬುದು ತಿಬ್ನಿ ಸತ್ತು ಒಮ್ರಿ ಒಬ್ಬನೇ ಉಳಿದ ವರ್ಷ. ಇದು ಓದಿನಲ್ಲಿ ಆತುರಪಡದಿದ್ದರೆ ತಾನಾಗಿ ಬಿಡಿಸಿಕೊಳ್ಳುವ ಗಂಟು.

ಇಷ್ಟರವರೆಗೆ ನಾವು ಗ್ರಂಥದೊಳಗೇ ಇದ್ದೆವು. ಒಳಗಿನ ಹೊಂದಾಣಿಕೆ ಎಷ್ಟು ಸೊಗಸಾಗಿದ್ದರೂ ಅದು ಬುದ್ಧಿವಂತರ ಕಟ್ಟಡವಾಗಿರಬಹುದೆಂಬ ಸಂಶಯ ಇದ್ದೇ ಇರುತ್ತದೆ. ಹೊರಗಿನ ಮೊಳೆ ಬೇಕು. ಅದನ್ನು ಒದಗಿಸಿದ್ದು ಅಶ್ಶೂರ.

ಅಶ್ಶೂರದವರು ವರ್ಷಗಳಿಗೆ ಅಂಕೆಯ ಬದಲು ಹೆಸರಿಡುತ್ತಿದ್ದರು. ನಮ್ಮ ಪ್ರಭವ, ವಿಭವಗಳ ಹಾಗೆ ಅವು ಅರವತ್ತಕ್ಕೊಮ್ಮೆ ಮರಳಿ ಬರುವ ಹೆಸರುಗಳಲ್ಲ. ಆಯಾ ವರ್ಷಕ್ಕೆ ಲಿಮ್ಮು ಎಂಬ ಗೌರವಸ್ಥಾನ ಪಡೆದ ಅಧಿಕಾರಿಯ ಹೆಸರೇ ಆ ವರ್ಷದ ಹೆಸರು. ಈ ಹೆಸರುಗಳ ಪಟ್ಟಿಗಳು ದೊರೆತಿವೆ. ಬುರ್-ಸಗಲೆ ಎಂಬವನ ವರ್ಷದಲ್ಲಿ, ಸಿಮಾನು ತಿಂಗಳಲ್ಲಿ, ಸೂರ್ಯಗ್ರಹಣವಾಯಿತೆಂದು ಒಂದು ಪಟ್ಟಿಯಲ್ಲಿ ಟಿಪ್ಪಣಿ ಇದೆ. ಖಗೋಳ ಗಣಿತದಿಂದ ಅದು ಕ್ರಿ.ಪೂ. 763ರ ಜೂನ್ 15 ಎಂದು ತಿಳಿದಾಗ ಇಡೀ ಪಟ್ಟಿಗೆ ಕಾಲ ಸಿಕ್ಕಿತು.

ಆ ಪಟ್ಟಿಯ ಮೇಲೆ ಎರಡು ಕಲ್ಲುಗಳನ್ನು ಇಡಬಹುದು. 1861ರಲ್ಲಿ ಟೈಗ್ರಿಸ್ ನದಿಯ ಮೇಲ್ಭಾಗದ ಕುರ್ಖ್‌ನಲ್ಲಿ ಸಿಕ್ಕ ಮೂರನೆಯ ಶಲ್ಮನೆಸೆರನ ಶಾಸನ, ಅವನ 6ನೆಯ ವರ್ಷದಲ್ಲಿ, ಎಂದರೆ ಕ್ರಿ.ಪೂ. 853ರಲ್ಲಿ, ಕರ್ಕರ್ ಎಂಬಲ್ಲಿ ಎದುರು ನಿಂತ ಅರಸರನ್ನು ಹೆಸರಿಸುತ್ತದೆ. ಅವರಲ್ಲಿ ಎರಡು ಸಾವಿರ ರಥ, ಹತ್ತು ಸಾವಿರ ಕಾಲಾಳುಗಳೊಡನೆ ಬಂದ ಇಸ್ರಾಯೇಲಿನ ಅಹಾಬನಿದ್ದಾನೆ. ಎರಡನೆಯದು 1846ರಲ್ಲಿ ಲೇಯಾರ್ಡ್ ನಿಮ್ರೂದಿನಲ್ಲಿ ಅಗೆದು ತೆಗೆದ ಕಪ್ಪು ಕಲ್ಲಿನ ಸ್ತಂಭ. ಅದರಲ್ಲಿ ಯೇಹುವಿನ ಕಪ್ಪಕಾಣಿಕೆಯ ಚಿತ್ರವೇ ಇದೆ. ಅದೇ ಶಲ್ಮನೆಸೆರನ ಬೇರೆ ಬರಹಗಳಿಂದ ಆ ಕಪ್ಪ 18ನೆಯ ವರ್ಷದ್ದು, ಕ್ರಿ.ಪೂ. 841ರದ್ದು ಎಂದು ಗೊತ್ತಾಗುತ್ತದೆ. ಎರಡು ಕಲ್ಲುಗಳೂ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

853ರಲ್ಲಿ ಅಹಾಬ ಬದುಕಿದ್ದ. 841ರಲ್ಲಿ ಯೇಹು ಅರಸನಾಗಿದ್ದ. ನಡುವೆ 12 ವರ್ಷ. ಆ ನಡುವೆ ಅಹಜ್ಯ 2, ಯೋರಾಮ 12 ಎಂದು ಅರಸುಗಳ ಗ್ರಂಥ 14 ವರ್ಷ ಕೊಡುತ್ತದೆ. ಮೇಲುನೋಟಕ್ಕೆ ಅಶ್ಶೂರದ ಕಲ್ಲು ಬೈಬಲ್ಲನ್ನು ಸುಳ್ಳು ಮಾಡಿತು. ಆದರೆ ಉತ್ತರದವರ ಲೆಕ್ಕದಲ್ಲಿ ಒಬ್ಬೊಬ್ಬ ಅರಸನಿಗೆ ಒಂದು ವರ್ಷ ಕಳೆಯಬೇಕೆಂಬುದನ್ನು ನಾವು ಈಗಾಗಲೇ, ಅಶ್ಶೂರದ ಹೆಸರೆತ್ತುವ ಮೊದಲೇ, ನಾದಾಬ ಬಾಷರಿಂದ ಕಲಿತಿದ್ದೆವು. ಹದಿನಾಲ್ಕರಲ್ಲಿ ಎರಡು ಕಳೆದರೆ ಹನ್ನೆರಡು. ಅಹಾಬ ಕರ್ಕರ್ ಯುದ್ಧದ ವರ್ಷದಲ್ಲೇ ಸತ್ತಿರಬೇಕು, ಯೇಹು ಪಟ್ಟವೇರಿದ ವರ್ಷದಲ್ಲೇ ಕಪ್ಪ ಕೊಟ್ಟಿರಬೇಕು. ಒಂದು ವರ್ಷ ಆಚೀಚೆ ಸರಿಯಲೂ ಜಾಗವಿಲ್ಲ. ಅಲ್ಲಿಂದ 90 ವರ್ಷ ಹಿಂದಕ್ಕೆ ಎಣಿಸಿದರೆ ರಾಜ್ಯ ಒಡೆದದ್ದು ಕ್ರಿ.ಪೂ. 931–30 ಎಂದಾಗುತ್ತದೆ. ಅಶ್ಶೂರದ ಲಿಪಿಕಾರನಿಗೂ ಉತ್ತರದ ರಾಜಧಾನಿ ಸಮಾರ್ಯದ ಲಿಪಿಕಾರನಿಗೂ ಪರಿಚಯವಿರಲಿಲ್ಲ. ಅವರ ಲೆಕ್ಕಗಳು ಹೀಗೆ ಕೂಡಿಕೊಳ್ಳುವುದನ್ನು ಮೊದಲ ಸಲ ಕಾಗದದ ಮೇಲೆ ಮಾಡಿ ನೋಡಿದಾಗ ಆಗುವ ಆನಂದವನ್ನು ನಾನು ಮುಚ್ಚಿಡಲಾರೆ.

ಆನಂದದ ಹೊತ್ತೇ ಎಚ್ಚರದ ಹೊತ್ತು ಕೂಡ. ಎಣಿಕೆಯ ರೀತಿ, ಹೊಸ ವರ್ಷ, ಜೊತೆಯಾಳ್ವಿಕೆ ಎಂಬ ಈ ಮೂರು ಕೀಲಿಗಳು ಕೈಯಲ್ಲಿದ್ದರೆ ಯಾವ ಬೀಗವನ್ನೂ ತೆಗೆದೆನೆಂದು ತೋರಿಸಿಬಿಡಬಹುದು. ಥೀಲೆಯವರ ವಿಮರ್ಶಕರ ಮುಖ್ಯ ಆಕ್ಷೇಪ ಇದೇ: ಜೊತೆಯಾಳ್ವಿಕೆಗಳು ಹೆಚ್ಚಾದಷ್ಟೂ ಪರಿಹಾರದ ಬೆಲೆ ಕುಗ್ಗುತ್ತದೆ. ಕೆಲವು ವಿದ್ವಾಂಸರು ಹೀಬ್ರೂ ಪಾಠಕ್ಕಿಂತ ಪುರಾತನ ಗ್ರೀಕ್ ಭಾಷಾಂತರದ ಅಂಕೆಗಳೇ ಹಳೆಯವು ಎನ್ನುತ್ತಾರೆ; ಒಮ್ರಿ, ಯೆಹೋಷಾಫಾಟರ ವಿಷಯದಲ್ಲಿ ಅವು ನಿಜಕ್ಕೂ ಬೇರೆ. ನನಗೆ ಹೀಬ್ರೂ ಪಾಠವೇ ಗಟ್ಟಿಯೆಂದು ಕಾಣುತ್ತದೆ, ಏಕೆಂದರೆ ತೊಡಕಿನ ಅಂಕೆಯನ್ನು ಸರಿಪಡಿಸುವ ಮನಸ್ಸಾಗುವುದು ಸಹಜ, ಸರಿಯಿದ್ದುದನ್ನು ತೊಡಕು ಮಾಡುವ ಮನಸ್ಸಾಗುವುದು ಅಪರೂಪ. ಆದರೂ ಇದು ಮುಗಿದ ವಾದವಲ್ಲ.

ಕೆಲವು ಕಡೆ ಕೀಲಿಗಳನ್ನು ಕೆಳಗಿಟ್ಟು, ಪ್ರತಿ ಮಾಡಿದವನ ಕೈ ತಪ್ಪಿದೆ ಎಂದು ಒಪ್ಪಬೇಕು. ಯೇಹು ಕೊಲ್ಲಿಸಿದ ಆ ಅಹಜ್ಯ ಪಟ್ಟಕ್ಕೆ ಬಂದಾಗ 22 ವರ್ಷದವನೆಂದು ಅರಸುಗಳಲ್ಲಿದೆ, 42 ವರ್ಷದವನೆಂದು ಪೂರ್ವಕಾಲವೃತ್ತಾಂತದ ಹೀಬ್ರೂ ಪಾಠದಲ್ಲಿದೆ. ಅವನ ತಂದೆ ಯೆಹೋರಾಮ 32ನೆಯ ವಯಸ್ಸಿನಲ್ಲಿ ಬಂದು ಎಂಟು ವರ್ಷ ಆಳಿ 40ನೆಯ ವಯಸ್ಸಿನಲ್ಲಿ ಸತ್ತನೆಂದು ಅದೇ ಪೂರ್ವಕಾಲವೃತ್ತಾಂತ ಹೇಳುತ್ತದೆ. ಮಗ ತಂದೆಗಿಂತ ಎರಡು ವರ್ಷ ಹಿರಿಯನಾಗಲಾರ. 42 ಎಂಬುದು ಒಮ್ರಿ ವಂಶದ ವಯಸ್ಸೆಂದು ವಿವರಿಸುವವರಿದ್ದಾರೆ. ಆ ಚಮತ್ಕಾರ ನನಗೆ ಒಪ್ಪಿಗೆಯಿಲ್ಲ. ಕೆಲವು ಪುರಾತನ ಭಾಷಾಂತರಗಳಲ್ಲಿ 22 ಎಂದೇ ಇದೆ. ತಾಳೆಗರಿಯ ಪ್ರತಿಗಳನ್ನು ಹೋಲಿಸಿ ಪಂಪನನ್ನೋ ಕುಮಾರವ್ಯಾಸನನ್ನೋ ಸಂಪಾದಿಸಿದವರು ಇಂಥಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಮಾಡಬೇಕು: ಶುದ್ಧ ಪಾಠವನ್ನು ಎತ್ತಿಕೊಂಡು, ಅಶುದ್ಧವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವುದು.

ಯೆಹೋಯಾಖೀನನ ವಯಸ್ಸೂ ಹೀಗೆಯೇ. ಅವನು ಪಟ್ಟಕ್ಕೆ ಬಂದಾಗ ಒಂದು ಕಡೆ 18, ಇನ್ನೊಂದು ಕಡೆ 8. ಇಲ್ಲಿ ತೀರ್ಪು ಕೊಟ್ಟದ್ದು ಬಾಬೆಲಿನ ಉಗ್ರಾಣ. ಸೆರೆಯಲ್ಲಿದ್ದ ಯೆಹೂದದ ಅರಸನಿಗೂ ಅವನ ಐದು ಮಂದಿ ಗಂಡುಮಕ್ಕಳಿಗೂ ಎಣ್ಣೆ ಅಳೆದುಕೊಟ್ಟ ಲೆಕ್ಕದ ಹಲಗೆಗಳು ಅಲ್ಲಿ ಸಿಕ್ಕಿವೆ. ಅವುಗಳಲ್ಲೊಂದು ಕ್ರಿ.ಪೂ. 592ರದು. ಸೆರೆಯಾದ 597ರಲ್ಲಿ ಎಂಟು ವರ್ಷದವನಾಗಿದ್ದರೆ ಆಗ ಅವನಿಗೆ ಹದಿಮೂರು. ಹದಿಮೂರರ ಹುಡುಗನಿಗೆ ಐದು ಗಂಡುಮಕ್ಕಳಿರುವುದಿಲ್ಲ. 18 ಸರಿ. ಅಡಿಗೆಮನೆಯ ಲೆಕ್ಕ ಬರೆದ ಗುಮಾಸ್ತನೊಬ್ಬ ಎರಡೂವರೆ ಸಾವಿರ ವರ್ಷಗಳ ಆಚೆಯಿಂದ ಪಾಠಶುದ್ಧಿಗೆ ನೆರವಾಗುತ್ತಾನೆ.

ಅದೇ ಯೆಹೋಯಾಖೀನ ಸೆರೆಯಾದ ವರ್ಷದ ವಿಷಯದಲ್ಲಿ ಮಾತ್ರ ಎರಡು ಅಂಕೆಗಳೂ ಸರಿಯಿರಬಹುದು. ಬಾಬೆಲಿನ ಅರಸ ನೆಬೂಕದ್ನೆಚ್ಚರನ 8ನೆಯ ವರ್ಷವೆಂದು ಅರಸುಗಳು ಹೇಳಿದರೆ 7ನೆಯದೆಂದು ಯೆರೆಮೀಯನ ಗ್ರಂಥದ ಕೊನೆಯ ಅಧ್ಯಾಯ ಹೇಳುತ್ತದೆ. 1956ರಲ್ಲಿ ವೈಸ್‌ಮನ್ ಪ್ರಕಟಿಸಿದ ಬಾಬೆಲಿನ ವೃತ್ತಾಂತದಲ್ಲಿ ಯೆರೂಸಲೇಮ್ ವಶವಾದದ್ದು 7ನೆಯ ವರ್ಷದ ಅದಾರ್ ತಿಂಗಳ ಎರಡನೆಯ ದಿನ, ಕ್ರಿ.ಪೂ. 597ರ ಮಾರ್ಚ್ ತಿಂಗಳ ನಡುವೆ. ಅದಾರ್ ಬಾಬೆಲಿನ ವರ್ಷದ ಕೊನೆಯ ತಿಂಗಳು, ನಮ್ಮ ಫಾಲ್ಗುಣದ ಹಾಗೆ. ಶರತ್ತಿನಿಂದಲೋ, ಪಟ್ಟಕ್ಕೆ ಬಂದ ವರ್ಷವನ್ನು ಸೇರಿಸಿಕೊಂಡೋ ಎಣಿಸುವ ಯೆಹೂದದವನಿಗೆ ಆಗ ಎಂಟನೆಯದು ಹಿಡಿದಿತ್ತು. ಹನ್ನೊಂದು ವರ್ಷಗಳ ನಂತರ ದೇವಾಲಯ ಸುಟ್ಟುಹೋದದ್ದು 587ರಲ್ಲೋ 586ರಲ್ಲೋ ಎಂಬ ವಿವಾದ ಇಂದಿಗೂ ಮುಗಿಯದಿರುವುದು ಈ ಒಂದೇ ವರ್ಷದ ತೂಗಾಟದಿಂದ.

ಕೊನೆಯದಾಗಿ ಯೆಹೂದದ ಅರಸ ಹಿಜ್ಕೀಯ. ಎರಡನೆಯ ಅರಸುಗಳ 18ನೆಯ ಅಧ್ಯಾಯದಲ್ಲಿ ಸಮಾರ್ಯ ಬಿದ್ದದ್ದು ಅವನ 6ನೆಯ ವರ್ಷ. ಮೂರೇ ವಚನ ಕೆಳಗೆ, ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಮೇಲೆ ಬಂದದ್ದು 14ನೆಯ ವರ್ಷ. ನಡುವೆ ಎಂಟು ವರ್ಷ. ಆದರೆ ಸಮಾರ್ಯದ ಪತನ ಸುಮಾರು 722. ನಲವತ್ತಾರು ಕೋಟೆಯೂರುಗಳನ್ನು ಹಿಡಿದೆನೆಂದು ಸನ್ಹೇರೀಬ ತಾನೇ ಬರೆಸಿಕೊಂಡ ದಂಡಯಾತ್ರೆ 701. ನಡುವೆ ಇಪ್ಪತ್ತೊಂದು ವರ್ಷ. ಹದಿಮೂರು ವರ್ಷ ಕಾಣೆಯಾಗಿದೆ. ಇದು ಎಣಿಕೆಯ ರೀತಿಯಿಂದ ತುಂಬುವ ಕಂದಕವಲ್ಲ.

ಥೀಲೆಯವರು 14ನ್ನು ಉಳಿಸಿಕೊಂಡು, ಸಮಾರ್ಯದ ಜೊತೆಗಿನ ಹೊಂದಿಕೆಯನ್ನು ತರುವಾಯದ ಸಂಪಾದಕನ ತಪ್ಪೆಂದರು. ಅಷ್ಟೆಲ್ಲ ಅಂಕೆಗಳನ್ನು ಕಾಪಾಡಿದವರು ಇಲ್ಲಿ ಸೋಲೊಪ್ಪಿಕೊಂಡದ್ದರಲ್ಲಿ ಅವರ ಪ್ರಾಮಾಣಿಕತೆ ಇದೆ. ಅವರ ದಾರಿಯಲ್ಲೇ ನಡೆದ ಹಾರ್ನ್, ಮ್ಯಾಕ್‌ಫಾಲ್ ಮೊದಲಾದವರು ಹಿಜ್ಕೀಯ ಮೊದಲು ತಂದೆ ಆಹಾಜನ ಜೊತೆ ಆಳಿದ, 715ರ ಸುಮಾರಿಗೆ ಒಬ್ಬನೇ ಅರಸನಾದ, 6 ಎಂಬುದು ಮೊದಲ ಲೆಕ್ಕದ್ದು, 14 ಎಂಬುದು ಎರಡನೆಯದರದ್ದು ಎಂದರು. ಅಂಕೆಗಳು ಹೊಂದುತ್ತವೆ. ಆದರೆ ಆಸನ ಕಾಲಿನ ರೋಗದಂಥ ಸಾಕ್ಷಿ ಇಲ್ಲಿ ಎಲ್ಲಿದೆ? ಮೂರು ವಚನಗಳ ಒಳಗೆ ಲೆಕ್ಕದ ಬುಡವನ್ನು ಬದಲಿಸಿದವನು ಓದುಗನಿಗೆ ಒಂದು ಸುಳಿವನ್ನೂ ಕೊಡುವುದಿಲ್ಲ. ಇನ್ನೊಂದು ದಾರಿ ಇದೆ. ಹಿಜ್ಕೀಯ ಒಟ್ಟು 29 ವರ್ಷ ಆಳಿದ. ಮರಣಕರ ರೋಗದಲ್ಲಿ ಅತ್ತು ಪ್ರಾರ್ಥಿಸಿದಾಗ ಅವನಿಗೆ 15 ವರ್ಷ ಆಯುಷ್ಯ ಹೆಚ್ಚಿತು. 29ರಲ್ಲಿ 15 ಕಳೆದರೆ 14. ಆ 14ನೆಯ ವರ್ಷ ಮೂಲತಃ ರೋಗದ ಕಥೆಯ ತಲೆಯಲ್ಲಿತ್ತು, ಎರಡು ಕಥೆಗಳನ್ನು ಜೋಡಿಸುವಾಗ ದಂಡಯಾತ್ರೆಯ ತಲೆಗೆ ಸರಿದುಹೋಯಿತು ಎಂದು ಕೆಲವರು ಊಹಿಸಿದ್ದಾರೆ. ನನ್ನ ಮನಸ್ಸು ಈ ಕಡೆಗೆ ವಾಲುತ್ತದೆ. ಆದರೆ ನಾನೇ ಹಾಕಿಕೊಂಡ ಷರತ್ತಿನ ಪ್ರಕಾರ ಇದನ್ನು ಪರಿಹಾರವೆಂದು ಕರೆಯಲು ಇನ್ನೊಂದು ಸಾಕ್ಷಿ ಬೇಕು, ಅದು ನನ್ನ ಬಳಿ ಇಲ್ಲ. ಯೆಶಾಯನ ಗ್ರಂಥದಲ್ಲೂ ಇದೇ ಕಥೆ ಮತ್ತೆ ಬರುತ್ತದೆ. ಅಲ್ಲಿಯೂ 14 ಎಂದೇ ಇದೆ, ಅದೇ ಜಾಗದಲ್ಲಿ.